ಓದುಗರ ಪ್ರಶ್ನೆಗಳು: ದೊರೆಯ ವಕಾಲತ್ತು ವಹಿಸಿದ ಮಾಲ್ಜೆರ್ಬ್

ಕಳೆದ ಸಂಚಿಕೆಯಲ್ಲಿ ಫ್ರಾನ್ಸಿನ ದೊರೆ ಹದಿನಾರನೆಯ ಲೂಯಿಯ ವಿಚಾರಣೆಯ ಬಗ್ಗೆ ಉತ್ತರಿಸುವಾಗ, ಅವನ ಪರವಾಗಿ ನಿಂತ ಎಪ್ಪತ್ತೊಂದು ವರ್ಷದ ಮಾಲ್ಜೆರ್ಬ್ ಎಂಬ ಮುದುಕನ ಹೆಸರು ಒಂದೇ ವಾಕ್ಯದಲ್ಲಿ ಬಂದುಹೋಗಿತ್ತು. ಅಂಥ ಮನುಷ್ಯನಿಗೆ ಒಂದು ವಾಕ್ಯ ಸಾಲದೆಂದು ಹಲವರು ಬರೆದಿದ್ದಾರೆ. ಅವರ ಮಾತು ಸರಿ. ಆದ್ದರಿಂದ ಈ ತಿಂಗಳ ಅಂಕಣವನ್ನು ಇಡಿಯಾಗಿ ಅವನಿಗೇ ಮೀಸಲಿಟ್ಟಿದ್ದೇನೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ಮಾಲ್ಜೆರ್ಬ್ ಯಾರು? ಆತ ಕುಲೀನ ಮನೆತನದವನೆಂದು ಬರೆದಿದ್ದೀರಿ. ಹಾಗಾದರೆ ಆತ ಸೇನಾಧಿಪತಿಯೋ, ಜಮೀನ್ದಾರನೋ? (ಹುಬ್ಬಳ್ಳಿಯ ಕಾನೂನು ವಿದ್ಯಾರ್ಥಿಯೊಬ್ಬರು)

ಉತ್ತರ: ಪೂರ್ತಿ ಹೆಸರು ಗಿಯೋಮ್ ಕ್ರೆತಿಯಾನ್ ದ ಲಾಮುವಾನ್ಯೋ ದ ಮಾಲ್ಜೆರ್ಬ್. ಹುಟ್ಟಿದ್ದು 1721ರ ಡಿಸೆಂಬರ್ 6ರಂದು, ಪ್ಯಾರಿಸ್ಸಿನಲ್ಲಿ. ಅಂದಿನ ಫ್ರಾನ್ಸಿನಲ್ಲಿ ಕುಲೀನರೆಂದರೆ ಒಂದೇ ಬಗೆಯವರಲ್ಲ. ಯುದ್ಧದಲ್ಲಿ ಹೋರಾಡಿ ಪದವಿ ಗಳಿಸಿದ ಹಳೆಯ ಮನೆತನಗಳನ್ನು ಖಡ್ಗದ ಕುಲೀನರೆಂದೂ, ನ್ಯಾಯಾಲಯಗಳ ದೊಡ್ಡ ಹುದ್ದೆಗಳನ್ನು ತಲೆಮಾರುಗಳಿಂದ ನಡೆಸಿಕೊಂಡು ಬಂದವರನ್ನು ನಿಲುವಂಗಿಯ ಕುಲೀನರೆಂದೂ ಕರೆಯುತ್ತಿದ್ದರು. ಇಲ್ಲಿ ನಿಲುವಂಗಿಯೆಂದರೆ ನ್ಯಾಯಾಧೀಶನ ಉಡುಪು. ಲಾಮುವಾನ್ಯೋ ಮನೆತನ ಈ ಎರಡನೆಯ ಗುಂಪಿನ ಮುಂಚೂಣಿಯಲ್ಲಿತ್ತು. ಅಂಥ ಮನೆಯ ಹುಡುಗ ಕಾನೂನು ಓದುವುದು, ಓದಿದ ಮೇಲೆ ನ್ಯಾಯಾಲಯ ಸೇರುವುದು ಊಟ ತಿಂಡಿಯಷ್ಟೇ ಸಹಜವಾಗಿ ನಡೆಯುತ್ತಿತ್ತು. ಹುಡುಗನ ಮನಸ್ಸು ಮಾತ್ರ ಗಿಡಮರಗಳ ಕಡೆಗೆ ಎಳೆಯುತ್ತಿತ್ತು. ಹೆಸರಾಂತ ಸಸ್ಯಶಾಸ್ತ್ರಜ್ಞ ಬರ್ನಾರ್ ದ ಜುಸಿಯೋನ ಪಾಠಗಳನ್ನು ಅವನು ಆಸೆಯಿಂದ ಕೇಳಿದನು. ಈ ಗೀಳು ಸಾಯುವತನಕ ಬಿಡಲಿಲ್ಲ.

1750ರಲ್ಲಿ ತಂದೆಗೆ ದೇಶದ ಅತ್ಯುನ್ನತ ನ್ಯಾಯಪದವಿಯಾದ ಚಾನ್ಸಲರ್ ಹುದ್ದೆ ದೊರೆತಾಗ, ಇನ್ನೂ ಮೂವತ್ತು ತುಂಬದ ಮಗನ ಪಾಲಿಗೆ ಎರಡು ದೊಡ್ಡ ಹೊಣೆಗಳು ಬಂದವು. ಒಂದು, ತೆರಿಗೆ ವ್ಯಾಜ್ಯಗಳನ್ನು ತೀರ್ಮಾನಿಸುವ ಪ್ಯಾರಿಸ್ಸಿನ ಉಚ್ಚ ನ್ಯಾಯಾಲಯದ ಅಧ್ಯಕ್ಷಗಿರಿ. ಇನ್ನೊಂದು, ದೇಶದಲ್ಲಿ ಅಚ್ಚಾಗುವ ಪುಸ್ತಕಗಳನ್ನೆಲ್ಲ ನೋಡಿಕೊಳ್ಳುವ ಇಲಾಖೆಯ ನಿರ್ದೇಶಕತ್ವ. ಈ ಎರಡನೆಯದರ ಬಗ್ಗೆಯೇ ಅತಿ ಹೆಚ್ಚು ಪತ್ರಗಳು ಬಂದಿವೆ.

ಪ್ರಶ್ನೆ: ಪುಸ್ತಕಗಳ ಮೇಲೆ ಕಾವಲು ಕೂತ ಅಧಿಕಾರಿಯನ್ನು ನೀವು ಸ್ವಾತಂತ್ರ್ಯಪ್ರೇಮಿ ಎಂದು ಬಣ್ಣಿಸುವುದು ಹೇಗೆ? ಸೆನ್ಸಾರ್ ಮಾಡುವವನು ಬರಹಗಾರರ ಗೆಳೆಯನಾಗಲು ಸಾಧ್ಯವೇ? (ಧಾರವಾಡದ ನಿವೃತ್ತ ಗ್ರಂಥಪಾಲಕರು)

ಉತ್ತರ: ಪ್ರಶ್ನೆ ನ್ಯಾಯವಾದದ್ದು. ವಿವರವಾಗಿ ಉತ್ತರಿಸಬೇಕಾದದ್ದು ಕೂಡ.

ಆ ಕಾಲದಲ್ಲಿ ಪುಸ್ತಕವೊಂದು ಅಚ್ಚಿಗೆ ಹೋಗುವ ಮುಂಚೆ ಹಸ್ತಪ್ರತಿಯನ್ನು ಸರ್ಕಾರ ನೇಮಿಸಿದ ಪರೀಕ್ಷಕನೊಬ್ಬ ಓದಿ ಒಪ್ಪಿಗೆಯ ಸಹಿ ಹಾಕಬೇಕಿತ್ತು. ಇಂಥ ಪರೀಕ್ಷಕರು ನೂರಕ್ಕೂ ಹೆಚ್ಚು ಮಂದಿ ಮಾಲ್ಜೆರ್ಬ್‌ನ ಕೈಕೆಳಗಿದ್ದರು. ಸಹಿ ಬಿದ್ದ ಪುಸ್ತಕಕ್ಕೆ ರಾಜಮುದ್ರೆಯ ಅಪ್ಪಣೆ ಸಿಗುತ್ತಿತ್ತು. ಅಷ್ಟು ರಾಜಾರೋಷವಾಗಿ ಅಪ್ಪಣೆ ಕೊಡಲಾಗದ, ಆದರೆ ತಡೆಯಲೂ ಕಾರಣವಿಲ್ಲದ ಪುಸ್ತಕಗಳಿಗೆಂದು 'ಮೌನ ಸಮ್ಮತಿ' ಎಂಬ ಒಂದು ಪದ್ಧತಿಯಿತ್ತು. ಅಂಥ ಪುಸ್ತಕದ ಮುಖಪುಟದಲ್ಲಿ ಎಷ್ಟೋ ಸಲ ಆಮ್‌ಸ್ಟರ್‌ಡ್ಯಾಮಿನಲ್ಲೋ ಲಂಡನ್ನಿನಲ್ಲೋ ಅಚ್ಚಾದುದೆಂದು ಹಾಕಿರುತ್ತಿತ್ತು. ಅಚ್ಚಾಗಿರುತ್ತಿದ್ದದ್ದು ಮಾತ್ರ ಪ್ಯಾರಿಸ್ಸಿನಲ್ಲೇ, ಇಲಾಖೆಗೆ ತಿಳಿದೇ. ಮಾಲ್ಜೆರ್ಬ್ ಈ ಕಿಂಡಿಯನ್ನು ಹೆಬ್ಬಾಗಿಲಿನಷ್ಟು ಅಗಲ ಮಾಡಿದನು. ಸರ್ಕಾರದ ಮುದ್ರೆ ಬಿದ್ದ ಪುಸ್ತಕಗಳನ್ನಷ್ಟೇ ಓದಿದವನು ತನ್ನ ಸಮಕಾಲೀನರಿಗಿಂತ ಹೆಚ್ಚುಕಡಿಮೆ ನೂರು ವರ್ಷ ಹಿಂದೆ ಉಳಿಯುತ್ತಾನೆಂಬ ಅರ್ಥದ ಮಾತನ್ನು, ಅದೇ ಇಲಾಖೆಯ ಮುಖ್ಯಸ್ಥನಾದ ಅವನೇ ಬರೆದಿಟ್ಟಿದ್ದಾನೆ.

ದಿದೆರೊ ಮತ್ತು ದಲಂಬೇರ್ ಸಂಪಾದಿಸುತ್ತಿದ್ದ ಮಹಾ ವಿಶ್ವಕೋಶದ ಮೊದಲ ಎರಡು ಸಂಪುಟಗಳು ಹೊರಬಂದ ಮೇಲೆ, 1752ರ ಫೆಬ್ರವರಿಯಲ್ಲಿ ರಾಜಸಭೆ ಅವನ್ನು ನಿಷೇಧಿಸಿತು. ಆಗ ನಡೆದ ಒಂದು ಘಟನೆಯನ್ನು ದಿದೆರೊನ ಮಗಳು ತಂದೆಯ ನೆನಪುಗಳಲ್ಲಿ ದಾಖಲಿಸಿದ್ದಾಳೆ. ನಾಳೆ ನಿನ್ನ ಹಸ್ತಪ್ರತಿಗಳನ್ನು ಜಪ್ತಿ ಮಾಡಲು ಆಜ್ಞೆ ಹೊರಡಿಸಬೇಕಾಗಿದೆ ಎಂದು ಮಾಲ್ಜೆರ್ಬ್ ಸ್ವತಃ ದಿದೆರೊನಿಗೆ ಮುನ್ಸೂಚನೆ ಕೊಟ್ಟನು. ದಿದೆರೊ ಕಂಗಾಲಾದನು. ಒಂದು ದಿನದಲ್ಲಿ ಅಷ್ಟು ಕಾಗದಗಳನ್ನು ಸಾಗಿಸುವುದೆಲ್ಲಿಗೆ, ಅವನ್ನು ಇಟ್ಟುಕೊಳ್ಳುವ ಎದೆಗಾರಿಕೆ ಯಾರಿಗಿದೆ? ಎಲ್ಲವನ್ನೂ ನನ್ನ ಮನೆಗೇ ಕಳಿಸಿಬಿಡು, ಅಲ್ಲಿಗೆ ಹುಡುಕಿಕೊಂಡು ಬರುವವರು ಯಾರೂ ಇಲ್ಲ ಎಂದನು ಮಾಲ್ಜೆರ್ಬ್. ಹಾಗೆ ಜಪ್ತಿಯ ಆಜ್ಞೆಗೆ ಸಹಿ ಹಾಕಿದವನ ಮನೆಯಲ್ಲೇ ಜಪ್ತಿಯಾಗಬೇಕಿದ್ದ ಕಾಗದಗಳು ಸುರಕ್ಷಿತವಾಗಿ ಉಳಿದವು.

ಎರಡನೆಯ ಗಂಡಾಂತರ 1759ರಲ್ಲಿ ಬಂತು. ಆ ವೇಳೆಗೆ ಏಳು ಸಂಪುಟಗಳು ಹೊರಬಂದಿದ್ದವು. ಮಾರ್ಚಿಯಲ್ಲಿ ವಿಶ್ವಕೋಶದ ಅಪ್ಪಣೆಯನ್ನೇ ರದ್ದು ಮಾಡಲಾಯಿತು. ಜುಲೈಯಲ್ಲಿ, ಮುಂಗಡ ಹಣ ಕೊಟ್ಟ ಪ್ರತಿಯೊಬ್ಬ ಚಂದಾದಾರನಿಗೂ ಪ್ರಕಾಶಕರು 72 ಲೀವ್ರ್ (ಅಂದಿನ ಫ್ರಾನ್ಸಿನ ನಾಣ್ಯ) ಹಿಂದಿರುಗಿಸಬೇಕೆಂಬ ಆಜ್ಞೆ ಬಂತು. ಪ್ರಕಾಶಕರು ದಿವಾಳಿಯಾಗಲು ಅಷ್ಟೇ ಸಾಕಿತ್ತು. ಆದರೆ ಸೆಪ್ಟೆಂಬರಿನಲ್ಲಿ, ಚಿತ್ರಫಲಕಗಳ ಸಂಪುಟಗಳನ್ನು ಬೇರೆಯದೇ ಪುಸ್ತಕವೆಂಬಂತೆ ಪ್ರಕಟಿಸಲು ಹೊಸ ಅಪ್ಪಣೆ ದೊರೆಯಿತು. ಹಿಂದಿರುಗಿಸಬೇಕಾದ ಹಣ ಆ ಚಿತ್ರಸಂಪುಟಗಳ ಲೆಕ್ಕಕ್ಕೆ ಜಮೆಯಾಯಿತು. ಹಣವೂ ಉಳಿಯಿತು, ಕೆಲಸಗಾರರೂ ಉಳಿದರು, ಪಠ್ಯದ ಮಿಕ್ಕ ಸಂಪುಟಗಳ ಕೆಲಸ ಸದ್ದಿಲ್ಲದೆ ಮುಂದುವರಿಯಿತು. ಕೊನೆಗೆ ಹದಿನೇಳು ಸಂಪುಟಗಳ ಪಠ್ಯ ಮತ್ತು ಹನ್ನೊಂದು ಸಂಪುಟಗಳ ಚಿತ್ರಗಳು ಲೋಕಕ್ಕೆ ದಕ್ಕಿದ್ದರಲ್ಲಿ ಮಾಲ್ಜೆರ್ಬ್‌ನ ಪಾಲು ಚಿಕ್ಕದಲ್ಲ.

ಆತ ಬರಿಯ ಒಂದು ಪಕ್ಷದ ಗೆಳೆಯನಾಗಿದ್ದರೆ ನನಗೆ ಇಷ್ಟು ಗೌರವ ಹುಟ್ಟುತ್ತಿರಲಿಲ್ಲ. ಫ್ರೆರಾನ್ ಎಂಬ ಪತ್ರಿಕಾಕರ್ತ ವಿಶ್ವಕೋಶದವರನ್ನು ಕಟುವಾಗಿ ಟೀಕಿಸಿದಾಗ ಅವನ ಬಾಯಿ ಮುಚ್ಚಿಸಬೇಕೆಂದು ದಲಂಬೇರ್ ದೂರು ಕೊಟ್ಟನು. ಸ್ವತಂತ್ರವಾಗಿ ಬರೆಯುವ ಹಕ್ಕು ಬೇಕೆನ್ನುವವರು ಟೀಕೆಯನ್ನೂ ಸಹಿಸಬೇಕೆಂದು ಮಾಲ್ಜೆರ್ಬ್ ಆ ದೂರನ್ನು ಪುರಸ್ಕರಿಸಲಿಲ್ಲ. ವಿಶ್ವಕೋಶದ ತತ್ತ್ವಜ್ಞಾನಿಗಳಿಗೆ ಇದರಿಂದ ತೀರ ಬೇಸರವಾಯಿತು.

ಇನ್ನೊಂದು ಕಡೆ ಅವನ ಕೈ ಸೋತದ್ದನ್ನೂ ಹೇಳಬೇಕು. ಲೇಖಕ ರೂಸೊನ 'ಎಮಿಲ್' ಎಂಬ ಪುಸ್ತಕ ಅಚ್ಚಾಗುತ್ತಿದ್ದಾಗ, ಶತ್ರುಗಳು ತನ್ನ ಪುಸ್ತಕವನ್ನು ಅಪಹರಿಸಿದ್ದಾರೆಂಬ ಭಯದಿಂದ ರೂಸೊ ನಿದ್ದೆಗೆಟ್ಟಿದ್ದನು. ಮಾಲ್ಜೆರ್ಬ್ ತಾಳ್ಮೆಯಿಂದ ಅವನನ್ನು ಸಮಾಧಾನಪಡಿಸಿದನು. ಅದಕ್ಕೆ ಉತ್ತರವಾಗಿ 1762ರ ಜನವರಿಯಲ್ಲಿ ರೂಸೊ ತನ್ನ ಸ್ವಭಾವವನ್ನು ಬಿಚ್ಚಿಟ್ಟು ಬರೆದ ನಾಲ್ಕು ಪತ್ರಗಳು ಅವನ ಆತ್ಮಕಥೆಯ ಮುನ್ನುಡಿಯಂತಿವೆ. ಆದರೆ ಜೂನ್ ತಿಂಗಳಲ್ಲಿ ಪ್ಯಾರಿಸ್ಸಿನ ಪಾರ್ಲಮಾನ್ ನ್ಯಾಯಾಲಯ ಪುಸ್ತಕವನ್ನು ಸುಡಲು, ಲೇಖಕನನ್ನು ಬಂಧಿಸಲು ಆಜ್ಞೆ ಮಾಡಿತು. ಆಗ ಮಾಲ್ಜೆರ್ಬ್ ಏನೂ ಮಾಡಲಾಗಲಿಲ್ಲ. ರೂಸೊ ದೇಶ ಬಿಟ್ಟು ಓಡಬೇಕಾಯಿತು. ಮುಂದಿನ ವರ್ಷ, ತಂದೆ ಅಧಿಕಾರದಿಂದ ದೂರವಾದಾಗ, ಮಾಲ್ಜೆರ್ಬ್‌ನೂ ಪುಸ್ತಕ ಇಲಾಖೆಯನ್ನು ಬಿಟ್ಟನು. ಇವರಿಬ್ಬರ ನಡುವೆ ಮುಂದೆಯೂ ಉಳಿದದ್ದು ಗಿಡಗಳ ನಂಟು. ಒಣಗಿಸಿದ ಎಲೆ, ಹೂಗಳ ಸಂಗ್ರಹದ ಬಗ್ಗೆ ಅವರು ಪತ್ರ ಬರೆದುಕೊಳ್ಳುತ್ತಿದ್ದರು.

ಪ್ರಶ್ನೆ: ರಾಜರ ಸಲಹೆಗಾರರು ಸಾಮಾನ್ಯವಾಗಿ ರಾಜನಿಗೆ ಹಿತವಾದದ್ದನ್ನೇ ಹೇಳುತ್ತಾರೆ. ಮಾಲ್ಜೆರ್ಬ್ ಎಂದಾದರೂ ರಾಜನ ಮುಖಕ್ಕೆ ಕಹಿಯಾದದ್ದನ್ನು ಹೇಳಿದ್ದುಂಟೇ? (ತುಮಕೂರಿನಿಂದ ಒಬ್ಬ ಶಿಕ್ಷಕಿ)

ಉತ್ತರ: ಉಂಟು, ಒಂದಲ್ಲ, ಮೇಲಿಂದ ಮೇಲೆ. ಅವನನ್ನು ಅರ್ಥಮಾಡಿಕೊಳ್ಳಲು ಪುಸ್ತಕ ಇಲಾಖೆಗಿಂತ ತೆರಿಗೆ ನ್ಯಾಯಾಲಯವೇ ಮುಖ್ಯವೆಂದು ನನಗನ್ನಿಸುತ್ತದೆ.

ಉಪ್ಪು, ಹೊಗೆಸೊಪ್ಪು ಮುಂತಾದವುಗಳ ತೆರಿಗೆಯನ್ನು ಅಂದಿನ ಫ್ರಾನ್ಸಿನಲ್ಲಿ ಸರ್ಕಾರ ನೇರವಾಗಿ ವಸೂಲು ಮಾಡುತ್ತಿರಲಿಲ್ಲ. ಗುತ್ತಿಗೆದಾರರ ಒಂದು ಕೂಟಕ್ಕೆ ಅದನ್ನು ವಹಿಸಿಕೊಟ್ಟಿತ್ತು. ಅವರು ಖಜಾನೆಗೆ ಗೊತ್ತಾದ ಮೊತ್ತ ಕಟ್ಟಿ, ಮಿಕ್ಕಿದ್ದನ್ನು ತಾವಿಟ್ಟುಕೊಳ್ಳುತ್ತಿದ್ದರು. ಅವರ ಗುಮಾಸ್ತರಿಗೆ, ಕಾವಲುಗಾರರಿಗೆ ಮನೆಗಳನ್ನು ಶೋಧಿಸುವ ಅಧಿಕಾರವಿತ್ತು. ಇದರ ಜೊತೆಗೆ 'ಲೆತ್ರ್ ದ ಕಾಶೆ' ಎಂಬ ಬಂಧನಾಜ್ಞೆಯೊಂದಿತ್ತು. ರಾಜನ ಹೆಸರಿನಲ್ಲಿ ಮಂತ್ರಿ ಸಹಿ ಮಾಡಿ ಮೊಹರು ಹಾಕಿದ ಒಂದು ಕಾಗದ ಸಾಕು, ಆರೋಪವಿಲ್ಲ, ವಿಚಾರಣೆಯಿಲ್ಲ, ಅವಧಿಯಿಲ್ಲ, ಹಿಡಿದವನನ್ನು ಸೆರೆಗೆ ತಳ್ಳಬಹುದಾಗಿತ್ತು.

ಮೊನ್ನೆರಾ ಎಂಬ ಸಣ್ಣ ವ್ಯಾಪಾರಿ ಹೀಗೆ ಸಿಕ್ಕಿಬಿದ್ದನು. ಕಳ್ಳಸಾಗಣೆ ಮಾಡುವವನೆಂಬ ಶಂಕೆಯ ಮೇಲೆ ಅವನನ್ನು ಪ್ಯಾರಿಸ್ಸಿನ ಬಳಿಯ ಬಿಸೆತ್ರ್ ಸೆರೆಮನೆಗೆ ಹಾಕಿದರು. ಅಲ್ಲಿ ಅವನು ಇಪ್ಪತ್ತು ತಿಂಗಳು ಇದ್ದನು. ಅದರಲ್ಲಿ ಕೆಲವು ವಾರಗಳನ್ನು ನೆಲದಡಿಯ ಕತ್ತಲ ಕೋಣೆಯಲ್ಲಿ ಕಳೆದನು. ಬೆಳಕು ಇಣುಕದ ಆ ಕೋಣೆಗಳಲ್ಲಿ ಕೈದಿಗಳನ್ನು ಭಾರವಾದ ಸರಪಣಿಯಿಂದ ಗೋಡೆಗೆ ಬಿಗಿಯುತ್ತಿದ್ದರು, ಮಲಗಲು ಒಂದಿಷ್ಟು ಹುಲ್ಲು, ಹೊಟ್ಟೆಗೆ ರೊಟ್ಟಿ ಮತ್ತು ನೀರು ಕೊಡುತ್ತಿದ್ದರು. ಕೊನೆಗೆ ತಿಳಿದುಬಂದದ್ದು, ಅವರು ಹುಡುಕುತ್ತಿದ್ದ ಮನುಷ್ಯ ಇವನಲ್ಲವೇ ಅಲ್ಲ ಎಂದು. ಹೊರಬಂದ ಮೊನ್ನೆರಾ ತೆರಿಗೆ ಗುತ್ತಿಗೆದಾರರ ಮೇಲೆ ದಾವೆ ಹೂಡಿದನು. ದಾವೆ ಬಂದದ್ದು ಮಾಲ್ಜೆರ್ಬ್‌ನ ನ್ಯಾಯಾಲಯಕ್ಕೆ. ಅರಸನ ಸರ್ಕಾರ ಮೊಕದ್ದಮೆಯನ್ನೇ ಅಲ್ಲಿಂದ ಕಿತ್ತುಕೊಳ್ಳಲು ನೋಡಿತು.

1770ರ ಆಗಸ್ಟಿನಲ್ಲಿ ನ್ಯಾಯಾಲಯದ ಪರವಾಗಿ ಹದಿನೈದನೆಯ ಲೂಯಿಗೆ ಸಲ್ಲಿಸಿದ ಅಹವಾಲಿನಲ್ಲಿ ಮಾಲ್ಜೆರ್ಬ್ ಬರೆದ ಮಾತಿನ ಸಾರ ಇಷ್ಟು: ನಿಮ್ಮ ರಾಜ್ಯದಲ್ಲಿ ತನ್ನ ಸ್ವಾತಂತ್ರ್ಯ ಯಾರದೋ ಸೇಡಿಗೆ ಬಲಿಯಾಗದೆಂಬ ಭರವಸೆ ಯಾವ ಪ್ರಜೆಗೂ ಇಲ್ಲ, ಏಕೆಂದರೆ ಮಂತ್ರಿಯೊಬ್ಬನ ದ್ವೇಷದಿಂದ ಪಾರಾಗುವಷ್ಟು ದೊಡ್ಡವನು ಯಾವನೂ ಇಲ್ಲ, ತೆರಿಗೆ ಗುತ್ತಿಗೆಯ ಗುಮಾಸ್ತನೊಬ್ಬನ ದ್ವೇಷಕ್ಕೆ ಪಾತ್ರನಾಗದಷ್ಟು ಸಣ್ಣವನೂ ಯಾವನೂ ಇಲ್ಲ. ಇದನ್ನು ಬರೆದವನು ದೇಶದ ಶ್ರೀಮಂತ ಕುಲೀನರಲ್ಲೊಬ್ಬನು, ಬರೆದದ್ದು ಗುರುತು ಪರಿಚಯವಿಲ್ಲದ ಒಬ್ಬ ವ್ಯಾಪಾರಿಯ ಪರವಾಗಿ. ನಾನು ಈ ಮಾತನ್ನು ಮೊದಲು ಓದಿದ ದಿನ ಬೇರೆ ಏನನ್ನೂ ಓದಲಾಗಲಿಲ್ಲ.

ಮರುವರ್ಷ ಚಾನ್ಸಲರ್ ಮೋಪೂ ನ್ಯಾಯಾಲಯಗಳ ಬಾಯಿ ಕಟ್ಟಲು ಹೊರಟಾಗ, ಹಾಗಿದ್ದರೆ ಪ್ರಜಾವರ್ಗಗಳ ಮಹಾಸಭೆಯನ್ನೇ ಕರೆದು ರಾಷ್ಟ್ರದ ಮಾತನ್ನು ಕೇಳಿ ಎಂದು ಮಾಲ್ಜೆರ್ಬ್ ಫೆಬ್ರವರಿಯಲ್ಲಿ ಇನ್ನೊಂದು ಅಹವಾಲು ಸಲ್ಲಿಸಿದನು. 1614ರಿಂದ ಆ ಸಭೆ ಸೇರಿರಲಿಲ್ಲ. ಏಪ್ರಿಲಿನಲ್ಲಿ ಅವನ ನ್ಯಾಯಾಲಯವನ್ನೇ ಮುಚ್ಚಲಾಯಿತು. ಪ್ಯಾರಿಸ್ಸಿನ ದಕ್ಷಿಣಕ್ಕಿರುವ ತನ್ನ ಹೆಸರಿನದೇ ಊರಿಗೆ ಹೋಗಿರಬೇಕೆಂದು ಅವನಿಗೆ ಅಪ್ಪಣೆಯಾಯಿತು. ಅದೇ ವರ್ಷದ ಜನವರಿಯಲ್ಲಿ ಹೆಂಡತಿಯನ್ನೂ ಕಳೆದುಕೊಂಡಿದ್ದನು. ಮೂರೂವರೆ ವರ್ಷ ಅವನು ಊರಲ್ಲಿ ಮರಗಳನ್ನು ನೆಟ್ಟನು.

ಪ್ರಶ್ನೆ: ಇಷ್ಟೆಲ್ಲ ಟೀಕಿಸಿದವನನ್ನು ಹದಿನಾರನೆಯ ಲೂಯಿ ಮಂತ್ರಿ ಮಾಡಿಕೊಂಡದ್ದು ಏಕೆ? ಮಂತ್ರಿಯಾಗಿ ಆತ ಏನು ಸಾಧಿಸಿದ? (ಮೈಸೂರಿನ ಓದುಗರು)

ಉತ್ತರ: ಹೊಸ ದೊರೆಗೆ ಇಪ್ಪತ್ತು ವರ್ಷ, ಒಳ್ಳೆಯದನ್ನು ಮಾಡಬೇಕೆಂಬ ಆಸೆ. ಮುಚ್ಚಿದ್ದ ನ್ಯಾಯಾಲಯಗಳನ್ನು ಅವನು ಮತ್ತೆ ತೆರೆದನು. 1775ರ ಮೇ ತಿಂಗಳಲ್ಲಿ ಮಾಲ್ಜೆರ್ಬ್ ತೆರಿಗೆ ವ್ಯವಸ್ಥೆಯ ಅನ್ಯಾಯಗಳನ್ನೆಲ್ಲ ಒಂದೊಂದಾಗಿ ಬಿಡಿಸಿಟ್ಟ ದೀರ್ಘ ಅಹವಾಲೊಂದನ್ನು ಅವನ ಮುಂದಿಟ್ಟನು. ಆಡಳಿತವೆಲ್ಲ ಗುಟ್ಟಿನಲ್ಲಿ ನಡೆಯುವುದೇ ಅನ್ಯಾಯದ ಬೇರು, ಲೆಕ್ಕಪತ್ರಗಳು ಬೆಳಕಿಗೆ ಬರಬೇಕು, ಪ್ರಜೆಗಳ ಪ್ರತಿನಿಧಿಗಳ ಮಾತು ದೊರೆಗೆ ಮುಟ್ಟಬೇಕು ಎಂಬುದು ಅದರ ತಿರುಳು. ಸರ್ಕಾರ ಆ ಅಹವಾಲನ್ನೂ ಗುಟ್ಟಾಗಿಡಲು ನೋಡಿತು, ಆದರೂ ಮುಂದೆ ಅದು ಅಚ್ಚಾಗಿ ಹೊರಬಂತು.

ಅದೇ ಜುಲೈಯಲ್ಲಿ, ಹಣಕಾಸು ಮಂತ್ರಿಯಾಗಿದ್ದ ಗೆಳೆಯ ತ್ಯೂರ್ಗೊನ ಒತ್ತಾಯಕ್ಕೆ ಮಣಿದು, ಮನಸ್ಸಿಲ್ಲದ ಮನಸ್ಸಿನಿಂದ ಅವನು ಅರಮನೆ ಇಲಾಖೆಯ ಮಂತ್ರಿಯಾದನು. ಬಂಧನಾಜ್ಞೆಗಳು ಹೊರಡುತ್ತಿದ್ದದ್ದು ಆ ಇಲಾಖೆಯಿಂದಲೇ. ಸೆರೆಮನೆಗಳಿಗೆ ತಾನೇ ಹೋಗಿ, ಯಾರು ಯಾಕೆ ಇದ್ದಾರೆಂದು ಕೇಳಿ, ಕಾರಣವಿಲ್ಲದೆ ಕೊಳೆಯುತ್ತಿದ್ದವರನ್ನು ಬಿಡಿಸಿದನು. ಆದರೆ ಬಂಧನಾಜ್ಞೆಯ ಪದ್ಧತಿಯನ್ನೇ ಕಿತ್ತೊಗೆಯಲು ಅವನಿಗಾಗಲಿಲ್ಲ. 1776ರ ಮೇಯಲ್ಲಿ ತ್ಯೂರ್ಗೊ ಪದಚ್ಯುತನಾದಾಗಲೇ ಇವನೂ ರಾಜೀನಾಮೆ ಕೊಟ್ಟನು. ನೀನೇ ಪುಣ್ಯವಂತ, ಹುದ್ದೆ ಬಿಟ್ಟುಹೋಗಬಲ್ಲೆ ಎಂದು ದೊರೆ ಅವನಿಗೆ ಹೇಳಿದನೆಂಬ ಮಾತು ಪ್ರಸಿದ್ಧವಾಗಿದೆ. ತಾನೂ ತ್ಯೂರ್ಗೊನೂ ಪ್ರಾಮಾಣಿಕರೇನೋ ಹೌದು, ಆದರೆ ಮನುಷ್ಯರನ್ನು ಪುಸ್ತಕಗಳಿಂದಷ್ಟೇ ಬಲ್ಲವರಾದ್ದರಿಂದ ಒಳ್ಳೆಯ ಆಡಳಿತಗಾರರಾಗಲಿಲ್ಲವೆಂದು ಕೊನೆಗಾಲದಲ್ಲಿ ಅವನೇ ಒಪ್ಪಿಕೊಂಡನೆಂದೂ ದಾಖಲಾಗಿದೆ. ಹತ್ತು ತಿಂಗಳ ಮಂತ್ರಿಗಿರಿಯ ಬಗ್ಗೆ ಇದಕ್ಕಿಂತ ಖಚಿತವಾದ ತೀರ್ಪನ್ನು ನಾನು ಕೊಡಲಾರೆ.

ಆಮೇಲಿನ ವರ್ಷಗಳಲ್ಲಿ 'ಮೊಸಿಯೋ ಗಿಯೋಮ್' ಎಂಬ ಸಾದಾ ಹೆಸರಿನಲ್ಲಿ, ಸಾದಾ ಉಡುಪಿನಲ್ಲಿ ಊರೂರು ಸುತ್ತಿ ಗಿಡಮರ, ಬೇಸಾಯ, ಬೆಟ್ಟಗಳನ್ನು ನೋಡಿದನು. ದೊರೆ ಎರಡನೆಯ ಸಲ ಕರೆದದ್ದು 1787ರಲ್ಲಿ. ಈ ಬಾರಿ ಖಾತೆಯಿಲ್ಲದ ಮಂತ್ರಿಯಾಗಿ, ಅಂದರೆ ಅಕ್ಷರಶಃ ಸಲಹೆಗಾರನಾಗಿ, ಅವನು ಸಭೆಗೆ ಸೇರಿದನು. ಈ ಅವಧಿಯ ದೊಡ್ಡ ಕೆಲಸ ಪ್ರಾಟೆಸ್ಟಂಟರಿಗೆ ಸಂಬಂಧಿಸಿದ್ದು. ಅವರಿಗೆ ಆಶ್ರಯ ಕೊಟ್ಟಿದ್ದ ನಾಂತ್ ಶಾಸನವನ್ನು ಹದಿನಾಲ್ಕನೆಯ ಲೂಯಿ 1685ರಲ್ಲಿ ರದ್ದು ಮಾಡಿದ ಮೇಲೆ, ಕ್ಯಾಥೊಲಿಕ್ ಪಾದ್ರಿಯ ಮುಂದೆ ಆಗದ ಮದುವೆ ಕಾನೂನಿನ ಕಣ್ಣಿನಲ್ಲಿ ಮದುವೆಯೇ ಅಲ್ಲ, ಅಂಥ ದಂಪತಿಗಳ ಮಕ್ಕಳಿಗೆ ಆಸ್ತಿಯ ಹಕ್ಕೂ ಇಲ್ಲ ಎಂಬ ಸ್ಥಿತಿಯಿತ್ತು. ಮಾಲ್ಜೆರ್ಬ್ ಈ ಬಗ್ಗೆ ಎರಡು ದೀರ್ಘ ಪ್ರಬಂಧಗಳನ್ನು ಬರೆದು ದಾರಿ ಸಿದ್ಧಪಡಿಸಿದ್ದನು. 1787ರ ನವೆಂಬರಿನ ಶಾಸನದಿಂದ ಅವರ ಹುಟ್ಟು, ಮದುವೆ, ಸಾವುಗಳಿಗೆ ಕಾನೂನಿನ ಮನ್ನಣೆ ಸಿಕ್ಕಿತು. ಬಹಿರಂಗ ಪೂಜೆಯ ಹಕ್ಕು, ಸರ್ಕಾರಿ ಹುದ್ದೆಯ ಹಕ್ಕು ಇನ್ನೂ ಸಿಗಲಿಲ್ಲ. ಈ ಶ್ರಮದ ಹಿಂದೆ ಮನೆತನದ ಒಂದು ಋಣವಿತ್ತು. ಅವನ ಅಜ್ಜನ ತಮ್ಮ ಬಾವಿಲ್, ಲಾಂಗ್‌ದಾಕ್ ಪ್ರಾಂತದ ಆಡಳಿತಗಾರನಾಗಿ ಪ್ರಾಟೆಸ್ಟಂಟರನ್ನು ಕ್ರೂರವಾಗಿ ದಮನ ಮಾಡಿದ್ದನು. ನಮ್ಮ ಹಿರಿಯನಿಂದ ಅವರಿಗೆ ಅಷ್ಟು ಕೇಡಾಗಿರುವಾಗ ನನ್ನಿಂದ ಸ್ವಲ್ಪವಾದರೂ ಒಳಿತಾಗಲಿ ಎಂದು ಮಾಲ್ಜೆರ್ಬ್ ಹೇಳುತ್ತಿದ್ದನು.

ಪ್ರಶ್ನೆ: ಟಿಪ್ಪು ಸುಲ್ತಾನನ ರಾಯಭಾರಿಗಳು ಫ್ರಾನ್ಸಿಗೆ ಹೋದಾಗ ಮಾಲ್ಜೆರ್ಬ್ ಅಧಿಕಾರದಲ್ಲಿದ್ದನೇ? (ಶ್ರೀರಂಗಪಟ್ಟಣದಿಂದ)

ಉತ್ತರ: ಇದ್ದನು. ಮೈಸೂರಿನ ಮೂವರು ರಾಯಭಾರಿಗಳು 1788ರ ಜೂನಿನಲ್ಲಿ ತೂಲಾನ್ ಬಂದರಿನಲ್ಲಿ ಇಳಿದರು, ಆಗಸ್ಟ್ 10ರಂದು ವರ್ಸೇಲ್ಸ್ ಅರಮನೆಯಲ್ಲಿ ದೊರೆಯನ್ನು ಕಂಡರು. ಆಗ ಮಾಲ್ಜೆರ್ಬ್ ರಾಜಸಭೆಯ ಸದಸ್ಯನೇ. ಟಿಪ್ಪುವಿಗೆ ಬೇಕಿದ್ದದ್ದು ಇಂಗ್ಲಿಷರ ವಿರುದ್ಧ ಸೈನ್ಯದ ನೆರವು, ಅದರೊಂದಿಗೆ ಕುಶಲಕರ್ಮಿಗಳು ಮತ್ತು ಹೂಗಿಡಗಳ ಬೀಜಗಳು. ಸೈನ್ಯ ಕಳಿಸುವ ಸ್ಥಿತಿಯಲ್ಲಿ ಫ್ರಾನ್ಸ್ ಇರಲಿಲ್ಲ. ದರ್ಬಾರು ನಡೆದ ವಾರದೊಳಗೆ, ಆಗಸ್ಟ್ 16ರಂದು, ಬರಿದಾದ ಖಜಾನೆ ತನ್ನ ಪಾವತಿಗಳನ್ನೇ ನಿಲ್ಲಿಸಿತು. ಸುಧಾರಣೆಗೆ ಇನ್ನು ತಡಮಾಡಬಾರದೆಂದು ಮಾಲ್ಜೆರ್ಬ್ ಟಿಪ್ಪಣಿಗಳ ಮೇಲೆ ಟಿಪ್ಪಣಿ ಬರೆದಿದ್ದನು. ಅವಕ್ಕೆ ಯಾರೂ ಕಿವಿಗೊಡದಿದ್ದಾಗ, ಅದೇ ತಿಂಗಳ ಕೊನೆಯಲ್ಲಿ ಅವನೂ ಸಭೆಯಿಂದ ಹೊರಬಂದನು.

ಪ್ರಶ್ನೆ: ರಾಜನ ಅಧಿಕಾರವನ್ನು ಜೀವನವಿಡೀ ಪ್ರಶ್ನಿಸಿದವನು ಕೊನೆಗೆ ರಾಜನ ಪರವಾಗಿ ವಾದಿಸಲು ಹೋದದ್ದು ವಿಚಿತ್ರವಲ್ಲವೇ? ವಯಸ್ಸಾದ ಮೇಲೆ ಕುಲೀನರ ಪಕ್ಷಕ್ಕೆ ಜಾರಿದನೆಂದು ಹೇಳಬಹುದೇ? (ಶಿವಮೊಗ್ಗದ ಇತಿಹಾಸ ಅಧ್ಯಾಪಕರು)

ಉತ್ತರ: ನಾನು ಹಾಗೆ ಹೇಳಲಾರೆ. ಏಕೆ ಹೇಳಲಾರೆನೆಂಬುದಕ್ಕೆ ಮೊದಲು ಅವನ ಪತ್ರವನ್ನೇ ನೋಡೋಣ.

ಫ್ರಾನ್ಸಿನ ಕ್ರಾಂತಿಯಲ್ಲಿ ರಾಜತ್ವ ರದ್ದಾಗಿ, ಗಣರಾಜ್ಯ ಘೋಷಣೆಯಾಗಿ, ಲೂಯಿ ಕುಟುಂಬದೊಂದಿಗೆ ತಾಂಪ್ಲ್ ಎಂಬ ಹಳೆಯ ಗೋಪುರದಲ್ಲಿ ಕೈದಿಯಾಗಿದ್ದನು. 1792ರ ಡಿಸೆಂಬರಿನಲ್ಲಿ ರಾಷ್ಟ್ರಸಭೆ ಅವನ ವಿಚಾರಣೆ ಆರಂಭಿಸಿ, ವಕೀಲರನ್ನು ಆರಿಸಿಕೊಳ್ಳಲು ಒಪ್ಪಿತು. ಲೂಯಿ ಕೇಳಿದ ಇಬ್ಬರಲ್ಲಿ ತಾರ್ಜೆ ಎಂಬವನು ಹಿಂದೆ ಸರಿದನು, ತ್ರಾನ್ಶೆ ಒಪ್ಪಿದನು. ಯಾರೂ ಕೇಳದೆಯೇ ಮುಂದೆ ಬಂದವನು ಮಾಲ್ಜೆರ್ಬ್. ಎಲ್ಲರೂ ಆಸೆಪಡುತ್ತಿದ್ದ ಕಾಲದಲ್ಲಿ ನನ್ನ ಒಡೆಯನಾಗಿದ್ದವನು ಎರಡು ಸಲ ನನ್ನನ್ನು ತನ್ನ ಸಭೆಗೆ ಕರೆದಿದ್ದಾನೆ, ಬಹಳ ಜನ ಅಪಾಯಕರವೆಂದು ಭಾವಿಸುವ ಈ ಹೊತ್ತಿನಲ್ಲೂ ನಾನು ಅವನಿಗೆ ಅದೇ ಸೇವೆಯನ್ನು ಸಲ್ಲಿಸಬೇಕಾಗಿದೆ ಎಂಬರ್ಥದ ಪತ್ರವನ್ನು ಡಿಸೆಂಬರ್ 11ರಂದು ಅವನು ರಾಷ್ಟ್ರಸಭೆಯ ಅಧ್ಯಕ್ಷನಿಗೆ ಬರೆದನು. ನಿನ್ನ ಪ್ರಾಣಕ್ಕೆ ಸಂಚಕಾರ ತಂದುಕೊಳ್ಳುತ್ತಿದ್ದೀಯೆ, ನನ್ನ ಪ್ರಾಣವನ್ನಂತೂ ಉಳಿಸಲಾರೆ ಎಂದು ಲೂಯಿ ಅವನಿಗೆ ಹೇಳಿದನಂತೆ. ಇಬ್ಬರಿಗೂ ಅದು ಗೊತ್ತಿತ್ತು.

ದಿನವೂ ಮುದುಕ ಗೋಪುರಕ್ಕೆ ಹೋಗುವನು. ಕಾವಲಿನವರು ಅವನ ಜೇಬುಗಳನ್ನು ತಡಕುವರು. ಕಾಗದಪತ್ರಗಳನ್ನು ಮುಂದಿಟ್ಟುಕೊಂಡು ಕಕ್ಷಿದಾರನೂ ವಕೀಲರೂ ಗಂಟೆಗಟ್ಟಲೆ ಕೂರುವರು. ದೊರೆಯನ್ನು ಸಂಬೋಧಿಸುವಾಗ ಮಾಲ್ಜೆರ್ಬ್ ಹಳೆಯ ಗೌರವಸೂಚಕವನ್ನು ಬಿಡಲಿಲ್ಲ. ರಾಷ್ಟ್ರಸಭೆ ನಿಷೇಧಿಸಿದ ಮಾತನ್ನಾಡಲು ನಿನಗೆಲ್ಲಿಯ ಧೈರ್ಯವೆಂದು ಸದಸ್ಯನೊಬ್ಬ ಗದರಿದಾಗ, ನಿಮ್ಮ ಬಗ್ಗೆಯೂ ಜೀವದ ಬಗ್ಗೆಯೂ ಇರುವ ತಿರಸ್ಕಾರದಿಂದ ಎಂದು ಉತ್ತರಿಸಿದನೆಂಬ ಕಥೆ ಉಳಿದುಬಂದಿದೆ. ಡಿಸೆಂಬರ್ 26ರಂದು ಸಭೆಯ ಮುಂದೆ ವಾದ ಮಂಡಿಸಿದವನು ಅವರೊಂದಿಗೆ ಸೇರಿಕೊಂಡ ವಕೀಲ ದೆಸೇಜ್.

ಜನವರಿಯಲ್ಲಿ ಮತದಾನ ನಡೆಯಿತು. ಮರಣದಂಡನೆಯ ಪರ 387, ವಿರುದ್ಧ 334. ಫಲಿತಾಂಶ ಬಂದ ರಾತ್ರಿ ಸಭೆಯಲ್ಲಿ ಮಾತನಾಡಲು ಎದ್ದ ಮಾಲ್ಜೆರ್ಬ್‌ಗೆ ಅಳು ಒತ್ತರಿಸಿ ಬಂದು ವಾಕ್ಯಗಳು ತುಂಡಾದವು. ನನ್ನ ಯೋಚನೆಗಳನ್ನು ಹೊಂದಿಸಿಕೊಂಡು ಹೇಳಲು ನಾಳೆಯವರೆಗೆ ಅವಕಾಶ ಕೊಡಿ ಎಂದಷ್ಟೇ ಬೇಡಿಕೊಂಡನು. ಸುದ್ದಿ ಮುಟ್ಟಿಸಲು ಗೋಪುರಕ್ಕೆ ಹೋದವನೂ ಅವನೇ. ಅಲ್ಲಿ ಕಂಡ ದೃಶ್ಯವನ್ನು ದೊರೆಯ ಸೇವಕ ಕ್ಲೆರಿ ದಿನಚರಿಯಲ್ಲಿ ಬರೆದಿದ್ದಾನೆ. ದೊರೆ ದೀಪಕ್ಕೆ ಬೆನ್ನು ಮಾಡಿ, ಮೊಣಕೈಗಳನ್ನು ಮೇಜಿನ ಮೇಲೂರಿ, ಮುಖವನ್ನು ಅಂಗೈಗಳಲ್ಲಿ ಮುಚ್ಚಿಕೊಂಡು ಕತ್ತಲಲ್ಲಿ ಕುಳಿತಿದ್ದನು. ಎರಡು ತಾಸಿನಿಂದ ಯೋಚಿಸುತ್ತಿದ್ದೇನೆ, ನನ್ನ ಆಳ್ವಿಕೆಯಲ್ಲಿ ಪ್ರಜೆಗಳು ನನ್ನನ್ನು ದೂರುವಂಥದ್ದು ಸ್ವಲ್ಪವಾದರೂ ಮಾಡಿದ್ದೇನೆಯೇ ಎಂದು ಹುಡುಕುತ್ತಿದ್ದೇನೆ ಎಂದನು. ಮಾಲ್ಜೆರ್ಬ್ ಅವನ ಕಾಲಿಗೆ ಬಿದ್ದು ಬಿಕ್ಕಿದನು. ದೊರೆಯೇ ಅವನನ್ನು ಎತ್ತಿ ಸಂತೈಸಬೇಕಾಯಿತು. 1793ರ ಜನವರಿ 21ರಂದು ಲೂಯಿಯ ತಲೆ ಉರುಳಿತು.

ಈಗ ಅಧ್ಯಾಪಕರ ಪ್ರಶ್ನೆಗೆ ಬರುತ್ತೇನೆ. ಮೊನ್ನೆರಾನ ಪರವಾಗಿ ಬರೆದ ಕೈ ಮತ್ತು ಲೂಯಿಯ ಪರವಾಗಿ ಬರೆದ ಕೈ ಒಂದೇ. ಒಬ್ಬನು ಕತ್ತಲ ಕೋಣೆಯಲ್ಲಿ ಸರಪಣಿ ಬಿಗಿಸಿಕೊಂಡ ಸಣ್ಣ ವ್ಯಾಪಾರಿ, ಇನ್ನೊಬ್ಬನು ಇಪ್ಪತ್ತೈದು ವರ್ಷ ಹಿಂದೆ ನೋಡಿದ್ದರೆ ಸರಪಣಿ ಬಿಗಿಸುವ ಕಡೆಯ ಮನೆತನದವನು. ಇಬ್ಬರ ವಿಷಯದಲ್ಲೂ ಮಾಲ್ಜೆರ್ಬ್ ಹಿಡಿದ ಹಟ ಒಂದೇ: ಆರೋಪ ಹೊತ್ತವನ ಮಾತನ್ನು ಕೇಳುವವರಿರಬೇಕು, ಅವನ ಪರವಾಗಿ ನಿಂತು ಹೇಳುವವರಿರಬೇಕು. ಅವನು ಲೂಯಿಯ ಆಡಳಿತವನ್ನು ಸಮರ್ಥಿಸಲು ಹೋಗಲಿಲ್ಲ. ಆ ಆಡಳಿತದ ತಪ್ಪುಗಳನ್ನು ಅವನಷ್ಟು ಖಾರವಾಗಿ, ಅವನಷ್ಟು ಮುಂಚೆ, ದೊರೆಯ ಎದುರಿಗೇ ಹೇಳಿದವರು ವಿರಳ. ಅವನ ಮರಿಮಗ, ಪ್ರಜಾಪ್ರಭುತ್ವದ ಬಗ್ಗೆ ಬರೆದು ಹೆಸರಾದ ಅಲೆಕ್ಸಿ ದ ತೋಕ್ವಿಲ್, ಮುತ್ತಾತ ಜನರ ಪರವಾಗಿ ರಾಜನೆದುರು ನಿಂತು ಆಮೇಲೆ ರಾಜನ ಪರವಾಗಿ ಜನರೆದುರು ನಿಂತದ್ದನ್ನು ತಾನು ಎಂದೂ ಮರೆಯಲಾರೆನೆಂದು ಬರೆದದ್ದು ಇದ್ದದ್ದನ್ನೇ.

ಪ್ರಶ್ನೆ: ಆಮೇಲೆ ಅವನಿಗೆ ಏನಾಯಿತು? ಮನೆತನ ಉಳಿಯಿತೇ? (ಹಲವರು)

ಉತ್ತರ: ಮಾಲ್ಜೆರ್ಬ್ ಊರಿಗೆ ಹಿಂದಿರುಗಿ ತೋಟ ನೋಡಿಕೊಂಡಿದ್ದನು. 1793ರ ಡಿಸೆಂಬರಿನಲ್ಲಿ ಅವನನ್ನೂ ಮನೆಮಂದಿಯನ್ನೂ ಬಂಧಿಸಿ ಪ್ಯಾರಿಸ್ಸಿಗೆ ತಂದರು. 1794ರ ಏಪ್ರಿಲಿನಲ್ಲಿ ಮೊದಲು ಅಳಿಯ ರೊಸಾಂಬೊನ ತಲೆ ಕಡಿದರು. ಏಪ್ರಿಲ್ 22ರಂದು ಮಾಲ್ಜೆರ್ಬ್, ಅವನ ಮಗಳು, ಮೊಮ್ಮಗಳು, ಆ ಮೊಮ್ಮಗಳ ಗಂಡ, ನಾಲ್ವರನ್ನೂ ಒಂದೇ ದಿನ ತಲೆ ಕಡಿಯುವ ಯಂತ್ರವಾದ ಗಿಲೊಟಿನ್‌ಗೆ ಒಯ್ದರು. ಹಿಂದೆ ತನ್ನ ತಂದೆಯನ್ನು ಕೊಲೆಗಾರರ ಕೈಯಿಂದ ಬಿಡಿಸಿದ್ದ ಯುವತಿಯೊಬ್ಬಳು ಅದೇ ಸೆರೆಯಲ್ಲಿದ್ದಳು. ತಂದೆಯನ್ನು ಉಳಿಸಿದ ಕೀರ್ತಿ ನಿನ್ನದಾಯಿತು, ತಂದೆಯೊಡನೆ ಸಾಯುವ ಸಮಾಧಾನ ನನ್ನದು ಎಂದು ಮಾಲ್ಜೆರ್ಬ್‌ನ ಮಗಳು ಆಕೆಗೆ ಹೇಳಿ ಹೊರಟಳೆಂದು ಬರೆದಿದ್ದಾರೆ. ಸೆರೆಯಿಂದ ಹೊರಡುವಾಗ ಮುದುಕನ ಕಾಲು ಕಲ್ಲಿಗೆ ಎಡವಿತಂತೆ. ಅಪಶಕುನ, ರೋಮನ್ನನಾಗಿದ್ದರೆ ಮನೆಗೆ ವಾಪಸಾಗುತ್ತಿದ್ದ ಎಂದನಂತೆ. ಮುಂದಿನ ತಿಂಗಳು ಅವನ ಅಕ್ಕನನ್ನೂ ಅದೇ ರೀತಿ ಕೊಂದರು.

ಇನ್ನೊಬ್ಬ ಮೊಮ್ಮಗಳು ಲೂಯಿಸ್ ಮತ್ತು ಅವಳ ಗಂಡ ಎರ್ವೆ ದ ತೋಕ್ವಿಲ್ ಸರದಿ ಬರುವ ಮುಂಚೆ ಜುಲೈಯಲ್ಲಿ ಕ್ರಾಂತಿ ಸರ್ಕಾರದ ನಾಯಕ ರೊಬೆಸ್ಪಿಯೇರ್ ಅಧಿಕಾರದಿಂದ ಬಿದ್ದುದರಿಂದ ಬದುಕಿಕೊಂಡರು. ಸೆರೆಯಿಂದ ಹೊರಬಂದಾಗ ಇಪ್ಪತ್ತೆರಡರ ಹರೆಯದ ಎರ್ವೆಯ ತಲೆಗೂದಲು ಬೆಳ್ಳಗಾಗಿತ್ತು. 1805ರಲ್ಲಿ ಹುಟ್ಟಿದ ಅಲೆಕ್ಸಿ ಇವರ ಮಗ.

ಪ್ರಶ್ನೆ: ಸಸ್ಯಶಾಸ್ತ್ರದಲ್ಲಿ ಅವನ ಹೆಸರು ಎಲ್ಲಾದರೂ ಉಳಿದಿದೆಯೇ? (ಸಾಗರದ ತೋಟಗಾರರೊಬ್ಬರು)

ಉತ್ತರ: ಉಳಿದಿದೆ. ಪೆರು, ಚಿಲಿ ದೇಶಗಳ ಒಣ ಇಳಿಜಾರುಗಳಲ್ಲಿ ಬೆಳೆಯುವ ಒಂದು ಸಸ್ಯಜಾತಿಗೆ ರೂಯಿಸ್ ಮತ್ತು ಪವೋನ್ ಎಂಬ ಸ್ಪೇನಿನ ಸಸ್ಯಶಾಸ್ತ್ರಜ್ಞರು 'ಮಾಲ್ಜೆರ್ಬಿಯ' ಎಂದು ಹೆಸರಿಟ್ಟರು. ನಿಮ್ಮ ಕಡೆ ಶರಬತ್ತಿಗೆ ಬಳಸುವ ಪ್ಯಾಶನ್ ಹಣ್ಣಿನ ಬಳ್ಳಿಯ ಕುಟುಂಬಕ್ಕೇ ಈಗ ಅದನ್ನು ಸೇರಿಸುತ್ತಾರೆ. ಆ ಹೆಸರು ಮ್ಯಾಡ್ರಿಡ್‌ನಲ್ಲಿ ಅಚ್ಚಾಗಿ ಬಂದದ್ದು 1794ರಲ್ಲಿ, ಅವನು ಸತ್ತ ವರ್ಷದಲ್ಲೇ.